ಒಂದು ಪುಟದ ರೊಟ್ಟಿ

ಆ ದಿನ ನಲ್ಲಿಗೆ ನೀರು ಬರುವ ದಿನವಾಗಿತ್ತು. ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ನೀರು ಬರುವ ಮೊದಲು ನಲ್ಲಿ ಒಂದಿಷ್ಟು ಗಾಳಿ ಬಿಡುತ್ತದೆ, ಆಮೇಲೆ ಎರಡು ಸಲ ಕೆಮ್ಮುತ್ತದೆ, ಮೂರನೆಯದಕ್ಕೆ ನೀರು. ಆ ಎರಡು ಕೆಮ್ಮಿನ ನಡುವೆ ಹಾಲಿನ ಉರಿ ಸಣ್ಣ ಮಾಡಿ ಬಕೆಟ್ ಇಟ್ಟು ಬರುವುದು ನನಗೆ ರೂಢಿ. ಅಂದೂ ಹಾಗೆಯೇ ಆಯಿತು. ಹಂಡೆ ತುಂಬಿಸಿದೆ. ತುಳಸಿಗೆ ಒಂದು ತಂಬಿಗೆ ನೀರು ಹಾಕಿದೆ. ಯಜಮಾನರ ಡಬ್ಬಿಗೆ ಚಪಾತಿ ಮಡಚಿಟ್ಟು, ಮೇಲೆ ಹೆಸರುಕಾಳಿನ ಪಲ್ಯ ಹಾಕಿದೆ.

ಚಪಾತಿ ನಾನೇ ಮಾಡುತ್ತೇನೆ. ಜೋಳದ ರೊಟ್ಟಿ ಮಾಡುವುದಿಲ್ಲ. ಕಲಬುರಗಿಯಲ್ಲೇ ಹುಟ್ಟಿ, ಕಲಬುರಗಿಗೇ ಸೊಸೆಯಾದ ಹೆಂಗಸು ಇದನ್ನು ಹೇಳಿಕೊಳ್ಳಬಾರದು, ಆದರೆ ಹೇಳದೆ ಮುಂದಿನ ಮಾತು ಸಾಗುವುದಿಲ್ಲ. ನನ್ನನ್ನು ಕಾನ್ವೆಂಟಿಗೆ ಹಾಕಿದ ಅವ್ವ, ಕೈ ಒರಟಾದರೆ ಅಕ್ಷರ ಕೆಡುತ್ತದೆ ಎಂದು ರೊಟ್ಟಿಯ ಒಲೆಯ ಹತ್ತಿರ ಕೂರಿಸಲೇ ಇಲ್ಲ. ಅಕ್ಷರ ಈಗಲೂ ದುಂಡಗೆ ಇದೆ. ರೊಟ್ಟಿ ಬಡಿದರೆ ಅಂಚು ಒಡೆದು, ಯಾರೋ ಹಲ್ಲಿನಿಂದ ಕಚ್ಚಿ ಇಟ್ಟ ಹಾಗೆ ಕಾಣುತ್ತದೆ.

ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ಯಜಮಾನರು ಮೇಜಿನ ಮೇಲಿದ್ದ ನನ್ನ ಪ್ಲಾಸ್ಟಿಕ್ ಫೈಲು ನೋಡಿದರು. ಅದರಲ್ಲಿ ಒಂದು ಫಾರಂ, ಜೊತೆಗೆ ಒಂದೇ ಕಾಗದದ ಮೂರು ಪ್ರತಿ ಇದ್ದವು.

"ಇವತ್ತ ಪರೀಕ್ಷಾ ಯಾರದು? ನಿಂದೋ, ಆಕೀದೋ?"

"ಆಕೀದು."

"ಮತ್ತ ನೀ ಯಾಕ ಮುಂಜಾನಿಂದ ಮೂರು ಸಲ ಚಹಾ ಕುಡದಿ?" ಎಂದು ನಕ್ಕು ಹೊರಟರು.

ಆಕೆ ಎಂದರೆ ರೊಟ್ಟಿ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಹನ್ನೊಂದು ವರ್ಷ ನಮ್ಮ ಓಣಿಯ ಮನೆಗಳಿಗೆ ರೊಟ್ಟಿ ಬಡಿದುಕೊಟ್ಟವಳು. ಎಳ್ಳಮಾಸಿ ಹಬ್ಬ ಬಂತೆಂದರೆ ನಮ್ಮ ಹಿತ್ತಲಲ್ಲಿ ಒಲೆ ಹೂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಬುಟ್ಟಿಗಟ್ಟಲೆ ಮಾಡುತ್ತಿದ್ದಳು. ಮೂರು ವರ್ಷದ ಹಿಂದೆ ತನ್ನ ಊರಾದ ಕಮಲಾಪುರಕ್ಕೆ ಹೋಗಿ, ಒಂದು ತಗಡಿನ ಶೆಡ್ಡು ಹಿಡಿದು, ಐದು ಹೆಂಗಸರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಲು ಶುರು ಮಾಡಿದಳು. ಆಕೆಯ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರೆ ಆಚೆಯ ಕೈ ಕಾಣುತ್ತದೆ. ಬೀಳಿಸಿದರೆ ಚೂರಾಗುವಷ್ಟು ಗರಿ. ಅಂಗಡಿಗಳಿಗೆ ಪ್ಯಾಕೆಟ್ ಕಳಿಸುವ ಒಂದು ಕಂಪನಿಯವರು ಅದನ್ನು ತಿಂದು ನೋಡಿ, ನಿಮ್ಮ ರೊಟ್ಟಿ ನಮಗೆ ಬೇಕು ಎಂದರು. ಜೊತೆಗೆ ಒಂದು ಫಾರಂ ಕೊಟ್ಟರು.

ಆ ಫಾರಂ ಹಿಡಿದುಕೊಂಡು ಅಕ್ಕ ನಮ್ಮ ಮನೆಗೆ ಬಂದಳು. ಎರಡನೇ ಇಯತ್ತೆವರೆಗೆ ಓದಿದ್ದಾಳೆ. ಅಕ್ಷರಗಳ ಗುರುತಿದೆ, ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ನಾನು ಓದಿ ಹೇಳಿದೆ. ಕೆಲಸ ಮಾಡುವ ವಿಧಾನವನ್ನು ಬರೆದು ಕೊಡಬೇಕು. ಘಟಕದ ಮುಖ್ಯಸ್ಥೆಯಾದವರು ಆ ಲಿಖಿತ ವಿಧಾನವನ್ನು ಓದಿ, ಅದರಂತೆ ಕೆಲಸ ಮಾಡಿಸಬಲ್ಲವರಾಗಿರಬೇಕು. ಇಲ್ಲವಾದರೆ ಕಂಪನಿಯೇ ತನ್ನ ಕಡೆಯಿಂದ ಒಬ್ಬ ಮೇಲ್ವಿಚಾರಕಿಯನ್ನು ನೇಮಿಸುತ್ತದೆ.

"ಅಂದ್ರ?" ಎಂದಳು.

"ಅಂದ್ರ ಅಕ್ಕ, ರೊಟ್ಟಿ ನೀನೇ ಬಡಿಯೋದು. ಹೇಳಾಕಿ ಬ್ಯಾರೆ ಬರ್ತಾಳ."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ನನ್ನನ್ನು ಆಕೆ ಬಾಯಾರ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಾಳೆ. "ಬಡಿಯೋದು ಬಡೀತೀನಿ ಬಾಯಾರ. ಆದ್ರ ನಾ ಹೂಡಿದ ಒಲಿ ಮುಂದ ಮತ್ತೊಬ್ಬಾಕಿ ನಿಂತು ಹೀಂಗ ಮಾಡು, ಹಾಂಗ ಮಾಡು ಅಂದ್ರ ನನ್ನ ಕೈ ಏಳಂಗಿಲ್ಲ. ನೀವು ಬರದು ಕೊಡ್ರಿ. ಓದಲಾಕ ನಾ ಕಲೀತೀನಿ."

ಹೀಗೆ ಮೂರು ವಾರ, ಬುಧವಾರ ಮತ್ತು ಶನಿವಾರ, ಆಕೆ ಬಸ್ಸು ಹತ್ತಿ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಮೊದಲ ಎರಡು ದಿನ ಆಕೆ ಹೇಳಿದಳು, ನಾನು ಬರೆದುಕೊಂಡೆ. ಬರೆದುಕೊಂಡೆ ಎನ್ನುವುದು ಪೂರ್ತಿ ಸರಿಯಲ್ಲ. ಅದಕ್ಕೆ ಮುಂದೆ ಬರುತ್ತೇನೆ.

"ಒಂದು ಗ್ಲಾಸ್ ಹಿಟ್ಟಿಗಿ ನೀರು ಎಷ್ಟು ಅಕ್ಕ?"

"ಹಿಟ್ಟು ಯಾವಾಗ ಬೀಸಿದ್ದು?"

"ಯಾವಾಗರೆ ಬೀಸಿದ್ದು ಅಂತ ಇಟ್ಕೋ."

"ಹಾಂಗ ಹೆಂಗ ಇಟ್ಕೊಳ್ಲಿ? ನಿನ್ನಿ ಬೀಸಿದ್ದು ಒಂದು ನಮೂನಿ, ಹಿಂದಿನ ವಾರ ಬೀಸಿದ್ದು ಒಂದು ನಮೂನಿ. ಗಿರಣಿಯಿಂದ ಬಿಸಿ ಬಿಸಿ ತಂದ್ರ ಒಂದು ನಮೂನಿ. ಬಿಸಿ ಹಿಟ್ಟಿಗಿ ಮಾತ್ರ ಕೈ ಹಚ್ಚಬಾರದ್ರಿ, ಆರಬೇಕು. ನಮ್ಮ ಅತ್ತಿ ಒಮ್ಮೆ ಹಾಂಗ ಮಾಡಿ..." ಎಂದು ಅತ್ತೆಯ ಕತೆ ಶುರುವಾಯಿತು. ಅತ್ತೆಯ ಕತೆಯಿಂದ ಯಾವುದೋ ಮದುವೆಗೆ ಹೋದಳು, ಅಲ್ಲಿ ಹಳೆಯ ಹಿಟ್ಟು ಬಂದದ್ದು, ಬೀಗರ ಮುಂದೆ ಮರ್ಯಾದೆ ಉಳಿಸಲು ತಾನು ಮಾಡಿದ ಉಪಾಯ, ಬೀಗತಿಯ ಮೂಗುಬಟ್ಟು, ಎಲ್ಲ ಬಂತು. ನಾನು ನಗುತ್ತ ಕೇಳಿದೆ. ಪೆನ್ನು ಕೆಳಗಿಟ್ಟುಕೊಂಡು ಕೇಳಿದೆ.

ನಮ್ಮ ಕಾನ್ವೆಂಟಿನಲ್ಲಿ ಪ್ರೆಸಿ ರೈಟಿಂಗ್ ಎಂಬ ಅಭ್ಯಾಸವಿತ್ತು. ಒಂದು ಪುಟದ ಬರಹವನ್ನು ಮೂರನೇ ಒಂದಂಶಕ್ಕೆ ಇಳಿಸಬೇಕು. ಉದಾಹರಣೆ ತೆಗೆ, ಕತೆ ತೆಗೆ, ಎರಡು ಸಲ ಹೇಳಿದ್ದನ್ನು ಒಮ್ಮೆ ಹೇಳು. ಎಡಕ್ಕೆ ಕೆಂಪು ಗೆರೆಯ ಅಂಚು ಬಿಟ್ಟು, ನೀಲಿ ಶಾಯಿಯಲ್ಲಿ ಫೇರ್ ಕಾಪಿ. ಸಿಸ್ಟರ್ ನನ್ನ ಪುಸ್ತಕವನ್ನು ಇಡೀ ತರಗತಿಗೆ ಎತ್ತಿ ತೋರಿಸುತ್ತಿದ್ದರು. ಮದುವೆಯಾದ ಮೇಲೆ ಆ ಕಲಿಕೆ ನನಗೆ ಎಲ್ಲಿಯೂ ಬೇಕಾಗಿರಲಿಲ್ಲ. ಮೂವತ್ತು ವರ್ಷದ ಮೇಲೆ ಅದು ಒಬ್ಬರಿಗೆ ಉಪಯೋಗಕ್ಕೆ ಬಂತಲ್ಲ ಎಂದು ಎರಡನೆಯ ದಿನದ ರಾತ್ರಿ ಊಟದ ಹೊತ್ತಿಗೆ ನನಗೆ ನಿಜವಾಗಿ ಖುಷಿಯಾಗಿತ್ತು. ಅಕ್ಕನ ಎರಡು ದಿನದ ಮಾತನ್ನು ಹನ್ನೆರಡು ಸಾಲಿಗೆ ಇಳಿಸಿದೆ. ಹಿಟ್ಟು ಇಷ್ಟು, ಬಿಸಿನೀರು ಇಷ್ಟು, ನಾದುವುದು ಇಷ್ಟು ನಿಮಿಷ. ನನ್ನ ಸ್ಟೀಲ್ ಗ್ಲಾಸಿನಿಂದ ಅಳೆದು, ಗೋಡೆಯ ಗಡಿಯಾರ ನೋಡಿ, ಆಕೆಯ ಕೈಯಲ್ಲಿ ಮಾಡಿಸಿ ತಾಳೆ ನೋಡಿದ್ದೆ. ಹಿಟ್ಟು ನಮ್ಮ ಗಿರಣಿಯದು, ಹಿಂದಿನ ದಿನ ಬೀಸಿದ್ದು.

ಉಳಿದ ನಾಲ್ಕು ದಿನ ಓದು. ಆಕೆ ಬೆರಳಿಟ್ಟು ಒಂದೊಂದೇ ಅಕ್ಷರ ದಾಟುತ್ತಿದ್ದಳು, ಒದ್ದೆ ನೆಲದ ಮೇಲೆ ಕಾಲಿಡುವವರ ಹಾಗೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು. ಪೂರ್ತಿ ಓದಿ ಮುಗಿಸಿದ ದಿನ ಕಾಗದವನ್ನು ತಿರುವಿ ಹಿಂದೆ ನೋಡಿದಳು. ಹಿಂದೆ ಖಾಲಿ.

"ನಾ ಹೇಳಿದ್ದು ಇಷ್ಟೇನಾ?"

"ಮುಖ್ಯವಾದದ್ದು ಇಷ್ಟು. ಸಣ್ಣದಿದ್ದರ ನಿನಗ ಓದಲಾಕ ಸಸಾರ ಆಗ್ತದಂತ ಮಾಡೀನಿ."

"ಹೌದ್ರಿ, ಸಸಾರ ಅದ," ಎಂದಳು. ಮತ್ತೆ ಒಮ್ಮೆ ಹಿಂದೆ ತಿರುವಿ ನೋಡಿದಳು. ನಾನು ಅದನ್ನು ಗಮನಿಸಿದೆ. ಕೇಳಲಿಲ್ಲ.

ಇದು ಹಿಂದಿನ ಮಾತು. ಆ ಬೆಳಗ್ಗೆ ನಾನು ಹುಮನಾಬಾದ ಕಡೆಯ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡೆ. ಊರು ದಾಟಿದ ಮೇಲೆ ತೊಗರಿ ಹೊಲಗಳು ಹಳದಿ ಹೂವು ಬಿಟ್ಟಿದ್ದವು. ಕಮಲಾಪುರ ಹತ್ತಿರವಾದಂತೆ ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬರುತ್ತದೆ. ರಸ್ತೆಯ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ತೂಗುಹಾಕಿದ್ದರು. ಅವುಗಳನ್ನು ನೋಡುತ್ತ ನನಗೆ ಒಂದು ಕುತೂಹಲ ಬಂತು. ಹಸಿರು ಕಾಯಿ ಹಳದಿಯಾದರೆ ಹಣ್ಣು ಎಂದು ನನಗೆ ಗೊತ್ತು. ಹುಟ್ಟುತ್ತಲೇ ಕೆಂಪಗಿರುವ ಕಾಯಿ ಹಣ್ಣಾಯಿತೆಂದು ಇವರಿಗೆ ಹೇಗೆ ತಿಳಿಯುತ್ತದೆ? ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದೆ. ಆಕೆ ನನ್ನ ಮುಖ ನೋಡಿ, "ಹಿಡದು ನೋಡಿದ್ರ ತಿಳೀತದಲ್ರಿ," ಎಂದಳು. ಹಿಡಿದರೆ ಏನು ತಿಳಿಯುತ್ತದೆ ಎಂದು ಕೇಳುವಷ್ಟರಲ್ಲಿ ಅವಳ ಊರು ಬಂತು.

ಶೆಡ್ಡಿನಲ್ಲಿ ಆರು ಒಲೆ ಸಾಲಾಗಿವೆ. ಗೋಡೆಗೆ ಸುಣ್ಣ ಬಳಿದಿದ್ದರು, ನೆಲ ತೊಳೆದಿದ್ದರು. ಅಕ್ಕನೂ ಸೇರಿ ಆರೂ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಅಕ್ಕ ತನ್ನ ಬಳಿಯಿದ್ದ ಪ್ರತಿಯನ್ನು ಗೋಡೆಗೆ ಅಂಟಿಸಿ, ಅದರ ಕೆಳಗೆ ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದು, "ಒತ್ತಕ್ಷರ ಎಲ್ಲಾ ಬಂದಾವ್ರಿ. ಫಾರಂದಾಗಿನ 'ಮುಖ್ಯಸ್ಥೆ' ಅನ್ನೋದು ಒಂದೇ ಜರಾ ನಾಲಿಗಿ ಮ್ಯಾಲ ಏಳವಲ್ದು," ಎಂದು ಪಿಸುಗುಟ್ಟಿದಳು.

ಕಂಪನಿಯ ಮೇಡಂ ಹನ್ನೊಂದರ ಸುಮಾರಿಗೆ ಬಂದರು. ಸಣ್ಣ ವಯಸ್ಸು, ಮೈಸೂರು ಕಡೆಯ ಮಾತು, ಆಹಾರ ವಿಜ್ಞಾನ ಓದಿದವರಂತೆ. ಶೂ ಬಾಗಿಲಲ್ಲೇ ಬಿಟ್ಟು ಬಂದದ್ದು ನೋಡಿ ಹೆಂಗಸರಿಗೆ ಸ್ವಲ್ಪ ಧೈರ್ಯ ಬಂತು. ಅವರ ಹಿಂದೆ ಡ್ರೈವರು ಎರಡು ದೊಡ್ಡ ಪ್ಯಾಕೆಟ್ ತಂದಿಟ್ಟ.

"ಇನ್ನು ಮುಂದೆ ಹಿಟ್ಟು ನಾವೇ ಕಳಿಸ್ತೀವಿ. ಎಲ್ಲಾ ಕಡೆ ರೊಟ್ಟಿ ಒಂದೇ ಥರ ಇರಬೇಕಲ್ಲ, ಅದಕ್ಕೆ. ಇವತ್ತು ಇದರಲ್ಲೇ ಮಾಡಿ ತೋರಿಸಿ. ನಾನು ಸುಮ್ಮನೆ ನೋಡ್ತಿರ್ತೀನಿ."

ಅಕ್ಕ ಮೊದಲು ಓದಿದಳು. ಬೆರಳಿಟ್ಟು, ನಿಧಾನವಾಗಿ, ಹನ್ನೆರಡೂ ಸಾಲು. ಮೇಡಂ ತಲೆಯಾಡಿಸಿ, ನಾನು ಕೊಟ್ಟ ಫಾರಂನಲ್ಲಿ ಒಂದು ಗುರುತು ಹಾಕಿದರು. ನನಗೆ ನನ್ನದೇ ಫಲಿತಾಂಶ ಬಂದ ಹಾಗಾಯಿತು. ಆಮೇಲೆ ಮೇಡಂ, ಆರು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿಯನ್ನು ಕರೆದರು. ಹತ್ತನೇ ಪಾಸಾದವಳು ಅವಳೊಬ್ಬಳೇ. ಬಂದು ನಾಲ್ಕು ತಿಂಗಳಾಗಿದೆ.

"ನೀವು ಮಾಡಿ. ಕಾಗದದಲ್ಲಿ ಹೇಗಿದೆಯೋ ಹಾಗೆ. ಯಾರೂ ಏನೂ ಹೇಳಿಕೊಡಬಾರದು."

ಹುಡುಗಿ ಪ್ಯಾಕೆಟ್ ಕತ್ತರಿಸಿದಳು. ಹಿಟ್ಟು ಬೆಳ್ಳಗೆ, ನುಣ್ಣಗೆ, ಮುಖಕ್ಕೆ ಹಚ್ಚುವ ಪೌಡರಿನಂತೆ ಇತ್ತು. ಅವಳು ಗ್ಲಾಸಿನಿಂದ ಅಳೆದಳು, ಮೇಲೆ ಬೆರಳು ಆಡಿಸಿ ಸಮ ಮಾಡಿದಳು. ನೀರು ಅಳೆದಳು. ಮೊಬೈಲಿನಲ್ಲಿ ನಿಮಿಷ ಇಟ್ಟುಕೊಂಡಳು. ನಾನು ಬರೆದ ಒಂದೊಂದು ಸಾಲೂ ಅವಳ ಕೈಯಲ್ಲಿ ನಡೆಯುತ್ತಿತ್ತು.

ಆದರೆ ನಾನು ಅಕ್ಕನನ್ನು ನೋಡುತ್ತಿದ್ದೆ. ಪ್ಯಾಕೆಟ್ ತೆರೆದ ಕೂಡಲೇ ಆಕೆಯ ಮೂಗು ಒಂದು ಸಲ ಅಲುಗಿತು. ಪಕ್ಕದಲ್ಲಿ ಚೆಲ್ಲಿದ ಹಿಟ್ಟನ್ನು ಒಂದು ಚಿಟಿಕೆ ಎತ್ತಿ ನಾಲಿಗೆಗೆ ಇಟ್ಟುಕೊಂಡಳು. ಮತ್ತೊಂದಿಷ್ಟನ್ನು ಮುಷ್ಟಿಯಲ್ಲಿ ಒತ್ತಿ, ಬಿಚ್ಚಿ ನೋಡಿದಳು. ಹಿಟ್ಟು ಮುಷ್ಟಿಯ ಗುರುತು ಹಿಡಿಯದೆ ಮರಳಿನ ಹಾಗೆ ಸರಿದುಹೋಯಿತು. ಆಕೆ ನನ್ನ ಕಡೆ ನೋಡಿದಳು. ನನಗೆ ಅರ್ಥವಾಗಲಿಲ್ಲ. ಹುಡುಗಿಗೆ ಏನೋ ಹೇಳಲು ಬಾಯಿ ತೆರೆದು, ಮೇಡಂ ಕಡೆ ನೋಡಿ, ಮುಚ್ಚಿಕೊಂಡಳು.

ಹುಡುಗಿ ಪರಾತವೆಂಬ ಅಗಲ ತಟ್ಟೆಯಲ್ಲಿ ಹಿಟ್ಟಿನ ಉಂಡೆ ಇಟ್ಟು ಬಡಿಯತೊಡಗಿದಳು. ಅಂಗೈ ಅಗಲ ಆಗುವವರೆಗೆ ಸರಿಯಿತ್ತು. ಆಮೇಲೆ ಅಂಚಿನಲ್ಲಿ ಒಂದು ಬಿರುಕು, ಅದನ್ನು ಬೆರಳಿಂದ ಕೂಡಿಸುವಷ್ಟರಲ್ಲಿ ಎದುರಿಗೆ ಇನ್ನೊಂದು. ಎತ್ತಿ ಹಂಚಿನ ಮೇಲೆ ಹಾಕುವಾಗ ಅರ್ಧ ರೊಟ್ಟಿ ಹಂಚಿಗೆ, ಅರ್ಧ ಪರಾತಕ್ಕೆ. ಎರಡನೆಯದೂ ಹಾಗೇ. ಮೂರನೆಯದು ಎತ್ತಲಿಕ್ಕೇ ಬರಲಿಲ್ಲ. ನನ್ನ ಕೈಯ ರೊಟ್ಟಿಗಳು! ಗುರುತು ಹಿಡಿದೆ.

"ಕಾಗದದಾಗ ಇದ್ದಂಗೇ ಮಾಡೀನ್ರಿ," ಎಂದು ಹುಡುಗಿ ಅಳುಮುಖ ಮಾಡಿದಳು. "ತಪ್ಪ ನಂದಲ್ಲಕ್ಕಾ."

"ನಿಂದಂತ ಯಾರಂದ್ರು? ಸರಿ ಅತ್ಲಾಗ."

ಅಕ್ಕ ಕೂತಳು. ಮೇಡಂ ಬೇಡ ಎನ್ನುವ ಮೊದಲೇ ಸಣ್ಣ ಪಾತ್ರೆಯಲ್ಲಿ ನೀರಿಟ್ಟು, ಕುದಿ ಬಂದ ಮೇಲೆ ಅದಕ್ಕೆ ಒಂದು ಹಿಡಿ ಹಿಟ್ಟು ಉದುರಿಸಿ ತಿರುವಿದಳು. ಅದು ಅಂಬಲಿಯ ಹಾಗೆ ಗಟ್ಟಿಯಾಗಿ, ಮೇಲೆ ಗುಳ್ಳೆ ಒಡೆಯತೊಡಗಿತು. ತಿರುವುತ್ತಲೇ, ಎದುರಿನ ಗೋಡೆಯ ಕಾಗದದ ಮೇಲೆ ಕಣ್ಣು ನೆಟ್ಟು, ಗಟ್ಟಿಯಾಗಿ ಓದಿದಳು: "ಹಿಟ್ಟು ಬೀಸಿ ಬಾಳ ದಿನ ಆಗಿದ್ದರ, ಮೊದಲ ಒಂದು ಹಿಡಿ ಹಿಟ್ಟಿನ ಅಂಬಲಿ ಕಾಸಬೇಕು. ಕುದಿ ಕುದಿ ಇದ್ದಾಗನ ಉಳದ ಹಿಟ್ಟಿನ ಮ್ಯಾಲ ಸುರುವಿ ಮುಚ್ಚಿ ಇಡಬೇಕು. ಕೈ ಹಚ್ಚುವಂಗ ಆದ ಮ್ಯಾಲ ನಾದಬೇಕು, ಜಿಗಿ ಬರೂ ತನಕ."

ಮೇಡಂ ತಮ್ಮ ಕೈಯ ಪ್ರತಿಯಲ್ಲಿ ಮೇಲಿನಿಂದ ಕೆಳಗೆ ಹುಡುಕಿದರು. ಮತ್ತೆ ಕೆಳಗಿನಿಂದ ಮೇಲೆ.

"ಇದು ಎಲ್ಲಿದೆ? ನನಗೆ ಕಾಣ್ತಿಲ್ಲ."

"ಅದರಾಗ ಇಲ್ರಿ ಮೇಡಂ ಅವ್ರ. ಬಿಟ್ಟು ಹೋಗ್ಯದ," ಎಂದಳು ಅಕ್ಕ, ಅಂಬಲಿ ಹಿಟ್ಟಿಗೆ ಸುರಿಯುತ್ತ. ನನ್ನ ಕಡೆ ತಿರುಗಿ, ಸಾಮಾನಿನ ಚೀಟಿಗೆ ಉಪ್ಪು ಸೇರಿಸಲು ಹೇಳುವವರ ಹಾಗೆ, "ಬಾಯಾರ, ಬರಕೋರಿ," ಎಂದಳು.

ಅಷ್ಟು ಹೊತ್ತಿಗೆ ನನಗೆ ಆ ಮದುವೆಯ ಕತೆ ನೆನಪಾಯಿತು. ಹಳೆಯ ಹಿಟ್ಟು, ಬೀಗರು, ಮರ್ಯಾದೆ ಉಳಿಸಿದ ಉಪಾಯ. ಇದೇ ಅದು. ಪೆನ್ನು ಕೆಳಗಿಟ್ಟುಕೊಂಡು ನಾನು ನಕ್ಕ ಮಾತು.

ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಒಡೆಯಲಿಲ್ಲ. ಪರಾತದ ಅಂಚಿನವರೆಗೆ ಹರಡಿಕೊಂಡು ಹೋಯಿತು. ಆಕೆ ಅದನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಬಿಟ್ಟು, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದಳು. ಮೇಡಂ ಬಗ್ಗಿ ನೋಡುತ್ತಿದ್ದರು. "ಕಾಲೇಜಲ್ಲಿ ಇದಕ್ಕೊಂದು ದೊಡ್ಡ ಹೆಸರು ಓದಿದ್ದೆ. ಪಿಷ್ಟ ಬಿಸಿನೀರಲ್ಲಿ ಉಬ್ಬಿ ಅಂಟಾಗೋದು. ಪರೀಕ್ಷೆಗೆ ಚಿತ್ರ ಸಹ ಬರೆದಿದ್ದೀನಿ. ಕಣ್ಣಾರೆ ನೋಡ್ತಿರೋದು ಇವತ್ತೇ."

"ಹೆಸರು ಏನರೆ ಇರಲ್ರಿ. ತಳಾ ಹಿಡಿಬಾರದು ಅಷ್ಟೇ," ಎಂದಳು ಅಕ್ಕ.

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಫಾರಂ ತೆಗೆದರು. "ರೊಟ್ಟಿ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಬೇರೆ. ಲಿಖಿತ ವಿಧಾನದಂತೆ ಮಾಡಿಸ್ತಾರಾ ಅನ್ನೋದಕ್ಕೆ ನಾನು ಹೌದು ಅಥವಾ ಇಲ್ಲ ಬರೀಬೇಕು. ಇವರು ವಿಧಾನ ಬಿಟ್ಟು ಮಾಡಿದ್ರು. ಇಲ್ಲ ಅಂತ ಬರೆದ್ರೆ ನಮ್ಮ ಕಡೆಯಿಂದ ಒಬ್ಬರು ಬರ್ತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನು ಬರೆದದ್ದು ನೀವಲ್ವಾ? ಈ ಹಳೆ ಹಿಟ್ಟಿನ ವಿಷಯ ಇವರು ನಿಮಗೆ ಹೇಳಿರಲಿಲ್ವಾ?"

ಆರು ಒಲೆಯ ಮುಂದೆ ಆರು ಜನ. ಹಂಚಿನ ಮೇಲೆ ರೊಟ್ಟಿ ಸಣ್ಣಗೆ ಚಿಟಗುಡುತ್ತಿತ್ತು. ಅಕ್ಕ ನನ್ನನ್ನು ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ ಎನಿಸಿತು. ಇಲ್ಲ, ಹೇಳಿರಲಿಲ್ಲ ಎಂದುಬಿಟ್ಟರೆ ಆಕೆ ಎದುರು ಮಾತಾಡುವವಳಲ್ಲ. ಹನ್ನೊಂದು ವರ್ಷದಲ್ಲಿ ಅಷ್ಟು ನನಗೆ ಗೊತ್ತು.

"ಹೇಳಿದ್ದಳು," ಎಂದೆ. "ನಾನೇ ತೆಗೆದುಹಾಕಿದೆ."

"ಯಾಕೆ?"

"ಕತೆಯ ಹಾಗಿತ್ತು. ಒಂದು ಪುಟದಲ್ಲಿ ಹಿಡಿಸಲಿಲ್ಲ."

ಮೇಡಂ ಫಾರಂ ತಿರುಗಿಸಿ, ಓದಿ, ನನಗೆ ಕೊಟ್ಟರು. "ಒಂದೇ ಪುಟ ಇರಬೇಕು ಅಂತ ಇದರಲ್ಲಿ ಎಲ್ಲಿದೆ?"

ನಾನು ಓದಿದೆ. ಎರಡು ಸಲ ಓದಿದೆ. ಎಲ್ಲಿಯೂ ಇರಲಿಲ್ಲ. ಅಗತ್ಯವಿದ್ದರೆ ಹೆಚ್ಚಿನ ಹಾಳೆ ಲಗತ್ತಿಸಿ ಎಂದು ಸಣ್ಣ ಅಕ್ಷರದಲ್ಲಿತ್ತು. ಮೂರು ವಾರದಿಂದ ಆ ಫಾರಂ ನನ್ನ ಬಳಿಯೇ ಇತ್ತು. ಅಕ್ಕನಿಗೆ ಓದಿ ಹೇಳಿದವಳೂ ನಾನೇ. ಒಂದು ಪುಟ ಎಂಬುದನ್ನು ಕಂಪನಿ ಕೇಳಿರಲಿಲ್ಲ, ಅಕ್ಕ ಕೇಳಿರಲಿಲ್ಲ. ಅದನ್ನು ನಾನು ನನ್ನ ಶಾಲೆಯಿಂದ ತಂದು ಇಲ್ಲಿಟ್ಟಿದ್ದೆ.

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು, "ಬಾಯಾರಿಗೂ ಓದಲಾಕ ಬರಂಗಿಲ್ಲಂತಾತು," ಎಂದಳು. ಅಕ್ಕ ಅವಳತ್ತ ಕಣ್ಣು ಬಿಟ್ಟಳು. ಆದರೆ ಆಕೆಯ ತುಟಿಯ ಅಂಚಿನಲ್ಲೂ ನಗು ಇತ್ತು. ನಾನೇ ಮೊದಲು ನಕ್ಕುಬಿಟ್ಟೆ, ಬೇರೆ ದಾರಿಯಿರಲಿಲ್ಲ.

ಮೇಡಂ ಫಾರಂ ವಾಪಸು ತೆಗೆದುಕೊಂಡರು. "ಹಾಗಾದರೆ ತಪ್ಪಿರೋದು ಕಾಗದದಲ್ಲಿ. ಇವರು ಅದನ್ನು ಸರಿ ಮಾಡಿದ್ದಾರೆ." ಅಕ್ಕನನ್ನು ಕೇಳಿದರು: "ನಿಜ ಹೇಳಿ. ನಿಮಗೆ ಓದೋಕೆ ಬರುತ್ತಾ?"

ಅಕ್ಕ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬದಿಗೆ ನಿಲ್ಲಿಸಿದಳು. ಖಡಕ್ ಆಗಲು ಹಾಗೆ ನಿಲ್ಲಿಸುತ್ತಾರೆ. "ಅರ್ಧಾ ಓದತೀನ್ರಿ. ಅರ್ಧಾ ಗೊತ್ತದ."

ಮೇಡಂ ಮುಖ್ಯಸ್ಥೆ ಎಂಬ ಸಾಲಿನ ಎದುರು ಅಕ್ಕನ ಹೆಸರು ಬರೆದು, ಸಹಿ ಮಾಡಿಸಿಕೊಂಡರು. ಒಂದು ಷರತ್ತು ಹಾಕಿದರು: ಸೋಮವಾರದೊಳಗೆ ಹೊಸ ಕಾಗದ ಬರಬೇಕು, ಎಷ್ಟು ಪುಟವಾದರೂ ಆಗಲಿ, ಏನೂ ಬಿಡದೆ. ಇನ್ನು ಹಿಟ್ಟಿನ ಪ್ಯಾಕೆಟ್ ಮೇಲೆ ಬೀಸಿದ ದಿನ ಹಾಕಿಸುತ್ತೇನೆ ಎಂದರು. ಹೋಗುವಾಗ ಅಕ್ಕ ಅವರ ಕೈಗೆ ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು. ಹುಡುಗಿ ಮಾಡಿದ ಒಡೆದ ಎರಡನ್ನೂ ಮೇಡಂ ಕೇಳಿ ತೆಗೆದುಕೊಂಡರು. ಆಫೀಸಿನಲ್ಲಿ ತೋರಿಸಬೇಕಂತೆ.

ಊಟವಾದ ಮೇಲೆ ನಾನು ಅಲ್ಲೇ ಚಾಪೆ ಹಾಸಿ ಕೂತೆ. ಈ ಸಲ ಕೇಳಿದ್ದನ್ನೆಲ್ಲ ಬರೆದುಕೊಂಡೆ. ಆಕೆ ಬಡಿಯುತ್ತ ಹೇಳಿದಳು; ಬಡಿಯದೆ ಹೇಳಲಿಕ್ಕೆ ಆಕೆಗೆ ಬರುವುದಿಲ್ಲ ಎಂಬುದು ಆಗ ತಿಳಿಯಿತು. ನನ್ನ ಅಡುಗೆಮನೆಯಲ್ಲಿ ಕೂಡ ಮಾತಿನ ನಡುವೆ ಆಕೆಯ ಕೈ ಖಾಲಿ ಗಾಳಿಯಲ್ಲಿ ಆಡುತ್ತಿತ್ತು. ಅದು ಅಭ್ಯಾಸ ಎಂದುಕೊಂಡಿದ್ದೆ.

"ಎಷ್ಟು ಹೊತ್ತು ಬಡಿಬೇಕು?"

"ಸಪ್ಪಳ ಬದಲಾಗೂ ತನಕ."

ನಾನು ಕಣ್ಣು ಮುಚ್ಚಿ ಕೇಳಿದೆ. ಮೊದಮೊದಲು ಎಲ್ಲವೂ ಒಂದೇ. ಆರು ಏಳು ರೊಟ್ಟಿ ಆದ ಮೇಲೆ ಒಂದು ವ್ಯತ್ಯಾಸ ಕಿವಿಗೆ ಬಿತ್ತು: ದಪ್ಪ ಇರುವಾಗ ಸಪ್ಪಳ ಹಿಟ್ಟಿನ ಒಳಗೇ ಉಳಿಯುತ್ತದೆ, ತೆಳುವಾದಂತೆ ಅಡಿಯ ಪರಾತದ್ದು ಕೇಳಿಸುತ್ತದೆ. ಹೇಳಿದೆ. ಅಕ್ಕ ಕೈ ನಿಲ್ಲಿಸಿ ಕೇಳಿಸಿಕೊಂಡು, "ಹಾಂ, ಅದಾ ಇರಬೇಕು. ನಾ ಹಾಂಗ ವಿಚಾರ ಮಾಡಿಲ್ಲ," ಎಂದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನೂ ಒಂದು ಸಾಲು ಬರೆದುಕೊಂಡೆ.

"ರೊಟ್ಟಿ ಸುತ್ತಲೂ ಒಂದೇ ದಪ್ಪ ಅದಂತ ಹೆಂಗ ಗೊತ್ತಾಗ್ತದ?"

"ಎಡಗೈಗಿ ಗೊತ್ತಾಗ್ತದ್ರಿ. ಬಲಗೈ ಬಡೀತದ. ಎಡಗೈ ತಿರುವಿಕೋತ ನೋಡ್ತಿರ್ತದ."

ಅಷ್ಟು ವರ್ಷ ಆಕೆ ಬಡಿಯುವುದನ್ನು ನೋಡಿದ್ದೇನೆ. ಎರಡು ಕೈಗೆ ಎರಡು ಬೇರೆ ಕೆಲಸವೆಂದು ನಾನು ಕಂಡಿರಲಿಲ್ಲ. ನಮ್ಮ ಶಾಲೆಯಲ್ಲಿ ಬರೆಯುವಾಗ ಎಡಗೈ ಪುಸ್ತಕದ ಮೇಲೆ ಸುಮ್ಮನೆ ಇರಬೇಕು ಎಂದು ಹೇಳಿಕೊಡುತ್ತಿದ್ದರು. ಹತ್ತನೇ ಪಾಸಾದ ಹುಡುಗಿ ನನ್ನ ಪಕ್ಕ ಬಂದು ಕೂತು, ನಾನು ಬರೆಯುವುದನ್ನು ಇಣುಕಿ ನೋಡುತ್ತಿದ್ದಳು. ಒಂದು ಕಡೆ ತಡೆದು, "ಅಕ್ಕಾ, ಹಿಟ್ಟು ಹಳೇದೋ ಏನೋ ಅಂತ ಮುಷ್ಟ್ಯಾಗ ಹಿಚುಕಿ ನೋಡೋದು ಹೇಳಿಲ್ಲ ನೀ," ಎಂದು ನೆನಪಿಸಿದಳು. ಬೆಳಗ್ಗೆ ಅಕ್ಕ ಹಾಗೆ ಮಾಡಿದ್ದನ್ನು ಇವಳು ಗಮನಿಸಿದ್ದಳು ಎಂದಾಯಿತು.

ಸಂಜೆ ಐದಕ್ಕೆ ಮನೆ ಸೇರಿದೆ. ಯಜಮಾನರು ಬರುವ ಮುಂಚೆ ಫೇರ್ ಕಾಪಿ ಶುರು ಮಾಡೋಣವೆಂದು ಕಟ್ಟೆಯ ಮೇಲೆ ಕೂತೆ. ಕೆಂಪು ಗೆರೆ ಹಾಕಲಿಲ್ಲ, ಜಾಗ ಸಾಲದು. ಅತ್ತೆಯ ಕತೆ, ಬೀಗತಿಯ ಮೂಗುಬಟ್ಟು, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ನನ್ನ ತೀರ್ಮಾನದ ಮೇಲೆ ಈಗ ನನಗೆ ನಂಬಿಕೆಯಿರಲಿಲ್ಲ. ಮೂಗುಬಟ್ಟು ಒಂದನ್ನು ಬಿಟ್ಟೆ. ಸ್ವಲ್ಪ ಯೋಚಿಸಿ, ಅಕ್ಕನಿಗೆ ಫೋನ್ ಮಾಡಿ ಕೇಳಿಯೇ ಬಿಟ್ಟೆ. "ಅದು ಬ್ಯಾಡ ಬಿಡ್ರಿ," ಎಂದು ಆಕೆ ನಕ್ಕಳು. ಹಿಂದೆ ಒಲೆಗಳ ಸಪ್ಪಳ, ಯಾರೋ ಏನೋ ಕೇಳಿದ್ದು, ಆಕೆ ಫೋನಿನಿಂದ ಬಾಯಿ ತಿರುಗಿಸಿ, "ಇನ್ನೊಂದು ಕುದಿ ಬರಲಿ, ಆಮ್ಯಾಲ ಸುರುವು," ಎಂದು ಹೇಳಿದ್ದು ಕೇಳಿಸಿತು. ಕಂಪನಿಯ ಹಿಟ್ಟಿನ ಎರಡನೇ ಪ್ಯಾಕೆಟ್ ಒಡೆದಿದ್ದರು.

ಆರನೇ ಪುಟದಲ್ಲಿದ್ದೆ. ಪಕ್ಕದ ಮನೆಯವರು ಕರಿಬೇವು ಕೇಳಲು ಗೇಟು ತೆರೆದು ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ನಾನು ತಟ್ಟೆಯಲ್ಲಿಟ್ಟಿದ್ದ ಖಡಕ್ ರೊಟ್ಟಿಯನ್ನು ಮುರಿದುಕೊಟ್ಟೆ. ಅದನ್ನು ಕಟಕಟ ತಿನ್ನುತ್ತ, ಇನ್ನೊಂದು ಕೈಯಿಂದ ನನ್ನ ಹಾಳೆಗಳನ್ನು ಎತ್ತಿ, ಒಂದು, ಎರಡು, ಮೂರು ಎಂದು ತಿರುವಿ, ಚೂರು ಬೀಳದ ಹಾಗೆ ಜೋಪಾನವಾಗಿ ಕೆಳಗಿಟ್ಟರು.

"ಇದರಾಗ ಇಷ್ಟೆಲ್ಲಾ ಬರಿಯೋದೇನದರಿ ವೈನಿ?" ಎಂದರು, ಕರಿಬೇವಿನ ಎಸಳು ಮುರಿಯುತ್ತ. "ರೊಟ್ಟಿ ಬಡಿಲಾಕ ಯಾರಿಗಿ ಬರಂಗಿಲ್ಲ?"